ವಂಶಕ್ಕೊಬ್ಬ ರಾಜ ಬೇಕಾಗಿದ್ದಾನೆ

ಮೊಮ್ಮಗಳ ಪುಸ್ತಕಗಳನ್ನು ಕದ್ದು ಓದುವ ಅಜ್ಜಿಯರು ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ, ನಾನಂತೂ ಒಬ್ಬಳು. ಸಹನಾ ಸ್ಕೂಲಿನಲ್ಲಿರುವ ಮಧ್ಯಾಹ್ನಗಳಲ್ಲಿ ಅವಳ ಶೆಲ್ಫಿಗೆ ಕೈ ಹಾಕುತ್ತಿದ್ದೆ. ಎಲ್ಲವೂ ಒಂದೇ ಬಗೆಯ ಇಂಗ್ಲಿಷ್ ಕಾದಂಬರಿಗಳು; ಗುಲಾಬಿ ಬಣ್ಣದ ರಟ್ಟು, ಅದರ ಮೇಲೊಂದು ಮಿನುಗುವ ಕಿರೀಟ. ಒಳಗೆ ಗಣಿತದಲ್ಲಿ ಫೇಲಾದ ಸಾಧಾರಣ ಹುಡುಗಿ. ಒಂದು ದಿನ ಅವಳ ಮನೆಮುಂದೆ ಉದ್ದನೆಯ ಕರೀ ಕಾರು ನಿಲ್ಲುತ್ತದೆ. ಸೂಟು ತೊಟ್ಟವನೊಬ್ಬ ಇಳಿದು, ಮ್ಯಾಪಿನಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಾದ ಯಾವುದೋ ದೇಶಕ್ಕೆ ನೀವೇ ರಾಜಕುಮಾರಿ ಎನ್ನುತ್ತಾನೆ. ಅಲ್ಲಿಂದ ಮುಂದೆ ಪುಸ್ತಕ ಮುಗಿಯುವವರೆಗೂ ಅವಳು ಚಮಚ ಹಿಡಿಯುವುದನ್ನು ಕಲಿಯುತ್ತಾಳೆ. ಕಾನ್ವೆಂಟಿನಲ್ಲಿ ನಮಗೂ ಸಿಸ್ಟರ್ ಒಬ್ಬರು ಚಮಚ ಹಿಡಿಯುವುದನ್ನು, ತಲೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ನಡೆಯುವುದನ್ನು ಕಲಿಸಿದ್ದರು. ಪೋಶ್ಚರ್, ಗರ್ಲ್ಸ್, ಪೋಶ್ಚರ್. ಎಲ್ಲಾ ಕಲಿತು ರೆಡಿಯಾಗಿದ್ದೆ, ಕಾರು ಮಾತ್ರ ಬರಲಿಲ್ಲ. ಬಂದದ್ದು ಸಿರಿಗೇರಿಯಿಂದ ಗಂಡಿನ ಕಡೆಯವರ ಜೀಪು. ಹೋಗುವಾಗ ಅದನ್ನು ನಮ್ಮ ಕಡೆಯವರೇ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು.

ಪುಸ್ತಕದಲ್ಲಿ ನಡೆಯುವಂಥದ್ದು ಬಳ್ಳಾರಿಯಲ್ಲಿ ನಿಜವಾಗಿಯೇ ನಡೆಯತೊಡಗಿದ್ದು ಗಣಿಯ ವರ್ಷಗಳಲ್ಲಿ. ನಿನ್ನೆ ನಮ್ಮ ಹಾಗೇ ಆಟೋಗೆ ಕೈ ಮಾಡುತ್ತಿದ್ದವರು ಇವತ್ತು ಹೆಲಿಕಾಪ್ಟರಿನಲ್ಲಿ ನಮ್ಮ ಮಾಳಿಗೆಯ ಮೇಲೆ ಹಾದುಹೋಗುತ್ತಿದ್ದರು. ಒಣಹಾಕಿದ ಬಿಳಿ ಸೀರೆ ಅದಿರಿನ ಧೂಳಿಗೆ ಸಂಜೆಯೊಳಗೆ ಕಾವಿಯಾಗುತ್ತಿತ್ತು. ಸಹನಾಳ ಕ್ಲಾಸ್‌ಮೇಟ್ ಹರ್ಷಿತಾಳ ಅಪ್ಪ ಲಾರಿಗಳಿಂದ ಮೇಲೆ ಬಂದು ಅರಮನೆಯಂಥ ಮನೆ ಕಟ್ಟಿಸಿದರು, ಗೇಟಿಗೆ ಎರಡು ಸಿಮೆಂಟಿನ ಆನೆ ನಿಲ್ಲಿಸಿದರು. ಮನೆಯಾದ ಮೇಲೆ ಅದಕ್ಕೆ ಒಪ್ಪುವ ವಂಶವೂ ಬೇಕಲ್ಲ. ತಾವು ಕುರುಗೋಡಿನ ಕೋಟೆಯನ್ನಾಳಿದ ಅರಸರ ಕುಡಿ ಎನ್ನತೊಡಗಿದರು. ಹರ್ಷಿತಾ ಅದನ್ನು ಕ್ಲಾಸಿನಲ್ಲಿ ಹೇಳಿದಳು. ನಮ್ಮವಳು ಸುಮ್ಮನಿರಬಹುದಿತ್ತು.

"ಅಜ್ಜಿ, ನಾನೂ ಹೇಳಿಬಿಟ್ಟೆ," ಎಂದಳು ಸಹನಾ, ಬ್ಯಾಗು ಕೂಡ ಇಳಿಸದೆ.

"ಏನಂತ?"

"ನಾವೂ ಕುರುಗೋಡಿನ ರಾಜರ ವಂಶ ಅಂತ. ಎಲ್ಲಾರೂ ನಕ್ರು. ಶನಿವಾರ ಹರ್ಷಿತಾನ ಬರ್ತ್‌ಡೇ ಐತಿ, ಪ್ರೂಫ್ ತಗೊಂಬಾ ಅಂದಾಳ. ಪ್ರೂಫ್ ಇಲ್ಲಾಂದ್ರ ನಾನು ಆ ಸ್ಕೂಲಿಗೇ ಹೋಗಂಗಿಲ್ಲ."

ಆ ಕಾದಂಬರಿಗಳಲ್ಲಿ ಮನೆಯ ಹಿರಿಯರು ಯಾರಾದರೊಬ್ಬರು ಗುಟ್ಟು ಮುಚ್ಚಿಟ್ಟಿರಲೇಬೇಕು. ಸಹನಾ ನನ್ನನ್ನೇ ನೋಡುತ್ತಿದ್ದಳು. ನಾನು ಮುಚ್ಚಿಟ್ಟಿದ್ದದ್ದು ಡಾಕ್ಟರು ಬೇಡವೆಂದ ಮೈಸೂರುಪಾಕೊಂದೇ. ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಹಾಲಿನಿಂದ ಅಡಿಗೆಮನೆಗೆ ಹೋಗುವುದು, ಯಾಕೆ ಬಂದೆನೆಂದು ಮರೆತು ತಿರುಗಿ ಬರುವುದು. ಹೀಗೆ ತಿರುಗುತ್ತಿದ್ದಾಗ ನೆನಪಾದವನು ಹೆಳವರ ಹನುಮಂತಪ್ಪ.

ಹೆಳವರೆಂದರೆ ನಮ್ಮ ಕಡೆ ಮನೆತನಗಳ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡು ತಿರುಗುವವರು. ಸುಗ್ಗಿಯಾದ ಮೇಲೆ ಊರಿಗೆ ಬಂದು, ಅಂಗಳದಲ್ಲಿ ನಿಂತು, ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹಾಡಿನಂತೆ ಹೇಳಿ, ಭತ್ತ ಬಟ್ಟೆ ಪಡೆದು ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಹನುಮಂತಪ್ಪ ಬೈಕಿನ ಮೇಲೆ ಬರುತ್ತಾನೆ. ಅದೃಷ್ಟಕ್ಕೆ ಆ ವಾರ ಸಿರಿಗೇರಿಯಲ್ಲೇ ಇದ್ದಾನೆಂದು ಮೈದುನ ಶರಣಪ್ಪ ಫೋನಿನಲ್ಲಿ ತಿಳಿಸಿದ. ಬಸ್ಸು ಹತ್ತಿದೆವು. ಕುರುಗೋಡಿನ ಗುಡ್ಡ ಕಂಡಾಗ ಸಹನಾ ಕಿಟಕಿಯಿಂದ ಅದನ್ನು ಸ್ವಂತ ಆಸ್ತಿಯಂತೆ ನೋಡಿದಳು. ನನಗೆ ಕೈಯಲ್ಲಿದ್ದ ಟಿಕೆಟು ಪುಡಿಪುಡಿಯಾದದ್ದೂ ಗೊತ್ತಾಗಲಿಲ್ಲ.

ಸಿರಿಗೇರಿಯ ಮನೆ ತಲುಪಿ ಸಹನಾ ಕೈಕಾಲು ತೊಳೆಯಲು ಹೋದದ್ದೇ ತಡ, ಬೇವಿನ ಗಿಡದ ಕೆಳಗೆ ಕೂತಿದ್ದ ಹನುಮಂತಪ್ಪನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಜಸ್ಟ್ ಒನ್, ಒಬ್ಬನೇ ಒಬ್ಬ ರಾಜ, ಹಿಂದೆ ಎಲ್ಲಾದರೂ.

"ಹಾಕಬೌದು ಅಮ್ಮಾರ," ಎಂದ. "ಈ ವರ್ಷ ಎಲ್ಲಾರೂ ಅದನ್ನ ಕೇಳ್ತಾರ. ಆದ್ರ ರಾಜ ಒಬ್ಬನ ಬರತಾನೇನ್ರಿ? ಅವಗ ಹೇಣ್ತಿ ಬೇಕು, ಬೀಗರು ಬೇಕು. ನಿಮ್ಮನ್ನ ಅರಸರ ಮಾಡಿದ್ರ ನಿಮ್ಮ ಅಣ್ಣತಮ್ಮಂದಿರ ಪೈಕಿ ಅರ್ಧ ಊರು ಅರಸರಾಗತೈತಿ. ನಾಳೆ ಹೊಲಕ್ಕ ನೀರು ಬಿಡಾಕ ಯಾರು ಹೋಗಬೇಕು?"

ಅಷ್ಟರಲ್ಲಿ ಸಹನಾ ಬಂದು ಅಂಗಳದ ಕಟ್ಟೆಯ ಮೇಲೆ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಕೂತಳು. ಹನುಮಂತಪ್ಪ ಎದ್ದು ಕಿವಿಗೆ ಕೈಯಿಟ್ಟು ಶುರುಮಾಡಿದ. ನಮ್ಮ ಮೂಲಪುರುಷ ಕುರುಗೋಡಿನ ಕೋಟೆಯಲ್ಲೇ ಇದ್ದನಂತೆ. ಸಹನಾ ನನ್ನ ಮೊಣಕೈ ಹಿಂಡಿದಳು. ಅಲ್ಲಿ ಅಗಸಿಯ ಹೆಬ್ಬಾಗಿಲು ಕಾಯುತ್ತಿದ್ದನಂತೆ. ಹಿಡಿತ ಸಡಿಲವಾಯಿತು. ಒಂದು ದಿನ ಹೊಟ್ಟೆತುಂಬ ಉಂಡು, ಬಾಗಿಲು ಹಾಕುವುದನ್ನು ಮರೆತು ಮಲಗಿದನಂತೆ, ವೈರಿಯ ದಂಡು ಸೀದಾ ಒಳಗೆ ಬಂತಂತೆ. ಅರಸ ಹಿಂದಿನ ದಿಡ್ಡಿ ಬಾಗಿಲಿನಿಂದ ಓಡಿದ. ನಮ್ಮವನು ಅರಸನಿಗಿಂತ ಮೊದಲೇ ಓಡಿದ್ದ. ಓಡಿ ಬಂದು ಸುಸ್ತಾಗಿ ಕೂತ ಊರೇ ಸಿರಿಗೇರಿ.

"ಇದು ಊರಿಗೆಲ್ಲಾ ಗೊತ್ತೈತಿ ಅತ್ತಿಗಿ," ಎಂದ ಶರಣಪ್ಪ. "ನೀವು ಇಂಗ್ಲಿಷ್‌ನಾಗ ಬೈತೀರಿ ಅಂತ ಅಣ್ಣ ನಿಮಗ ಹೇಳಿರಲಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಸಹನಾ ಗುಡ್ಡದ ಕಡೆಯ ಕಿಟಕಿ ಬಿಟ್ಟು ಈಚೆ ಸೀಟಿನಲ್ಲಿ ಕೂತಳು. ಶನಿವಾರ ಅವಳು ಹೊಸ ಫ್ರಾಕು ಹಾಕಿಕೊಂಡು ಹೋದಾಗಿನಿಂದ ನಾನು ಗೇಟಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಅವಳಿಗೆ ಬೇರೆ ಸ್ಕೂಲು ಯಾವುದು ಸಿಗಬಹುದೆಂದೂ ಯೋಚಿಸಿಟ್ಟಿದ್ದೆ. ಬಂದವಳ ಬಾಯಿಗೆ ಇನ್ನೂ ಕ್ರೀಮು ಅಂಟಿತ್ತು.

"ಹೇಳಿದೆ," ಎಂದಳು. "ನಿಮ್ಮ ರಾಜನ್ನ ಕೋಟಿ ಬಿಟ್ಟು ಓಡಿಸಿದಾವ ನಮ್ಮ ಮುತ್ತಜ್ಜ ಅಂತ. ಆವ ಮಲಗಿರ್ಲಿಲ್ಲಾಂದ್ರ ನೀವು ಇನ್ನೂ ಕುರುಗೋಡಿನ ಗುಡ್ಡದಾಗ ಇರ್ತಿದ್ರಿ, ಈ ಆನಿ ಗೇಟಿನ ಮನಿ ಎಲ್ಲಿರ್ತಿತ್ತು, ಥ್ಯಾಂಕ್ಸ್ ಹೇಳು ಅಂದೆ."

"ನಕ್ರೇನ?"

"ಬಿದ್ದು ಬಿದ್ದು ನಕ್ರು. ಹರ್ಷಿತಾ ಕೇಕಿನ ಮ್ಯಾಲಿನ ಕಿರೀಟ ನನಗ ಕೊಟ್ಳು. ಅವರಪ್ಪ ಮಾತ್ರ ನಗಲಿಲ್ಲ."

ಸೋಮವಾರ ನಾನು ಕರೆಯುವ ಮೊದಲೇ ಅವಳು ಎದ್ದು ಸ್ಕೂಲಿಗೆ ಹೋದಳು. ಅಲ್ಲಿಗೆ ಎಲ್ಲವೂ ಮುಗಿಯಿತೆಂದುಕೊಂಡೆ. ಆದರೆ ಮರುವರ್ಷ ಹನುಮಂತಪ್ಪ ಅಂಗಳದ ತುಂಬ ಸೇರಿದ ಜನರೆದುರು ವಂಶಾವಳಿ ಹೇಳುತ್ತ ನನ್ನವರೆಗೆ ಬಂದು, "ಈ ಮನಿ ಹಿರಿ ಸೊಸಿ, ಕಾನ್ವೆಂಟ್ ಓದಿದಾಕಿ, ಬೇವಿನ ಗಿಡದ ಕೆಳಗ ಅರಸನ್ನ ಬೇಡಿದಾಕಿ" ಎಂದು ರಾಗವಾಗಿ ಎಳೆದ. ತೆಗೆದುಹಾಕಪ್ಪ ಎಂದರೆ, ಒಮ್ಮೆ ವಂಶದಾಗ ಸೇರಿದ್ದು ತೆಗೆಯಾಕ ಬರಂಗಿಲ್ಲ ಅಮ್ಮಾರ ಎನ್ನುತ್ತಾನೆ. ಸಹನಾಳ ಮೊಮ್ಮಕ್ಕಳೂ ಇದನ್ನೇ ಕೇಳಿಸಿಕೊಳ್ಳುತ್ತಾರೆ. ಬರುವ ಸುಗ್ಗಿಗೆ ಅವನಿಗೆಂದು ಜರಿಯಂಚಿನ ಒಳ್ಳೆಯ ಧೋತರವೊಂದನ್ನು ತೆಗೆದಿಟ್ಟಿದ್ದೇನೆ. 'ಬೇಡಿದಾಕಿ' ಅನ್ನುವುದನ್ನು ಕೊನೆಗೆ 'ವಿಚಾರಿಸಿದಾಕಿ' ಅಂತಾದರೂ ಮಾಡಲಿ.