ಟಾಲ್ಮನ್ ಕೌಂಟಿಯ ನಟ್ಟನಡು

ಟಾಲ್ಮನ್ ಕೌಂಟಿ ಎಂಬ ಜಿಲ್ಲೆಯ ಪುಸ್ತಿಕೆಗೆ ಪರಿಚಯ ಬರೆಯಲು ಕೂತ ಗುಮಾಸ್ತ ವೆಂಡೆಲ್ ಕ್ರಾಸ್ಬಿಗೆ ಮೊದಲ ಸಾಲೇ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅಲ್ಲೊಂದು ಊರಿಲ್ಲ, ಚೌಕವಿಲ್ಲ, ಗಡಿಯಾರದ ಗೋಪುರವಿಲ್ಲ. ಬಡಾವಣೆ, ಅಂಗಡಿಸಾಲು, ಮತ್ತೆ ಬಡಾವಣೆ. ಲಟ್ಟಿಸಿದ ಚಪಾತಿಯ ಹಾಗೆ ಎಲ್ಲಿ ನೋಡಿದರೂ ಒಂದೇ ದಪ್ಪ. ಯೋಜನಾ ಕಚೇರಿಯ ಮೇಲಧಿಕಾರಿ ಡೊರೀನ್ ಹ್ಯಾಸ್ಕೆಲ್, ಸಂಜೆ ಐದಕ್ಕೆ ಪುಸ್ತಿಕೆ ಅಚ್ಚಿಗೆ ಹೋಗಬೇಕೆಂದು ಎರಡು ಸಲ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದಳು. ತಲೆಕೆಟ್ಟ ವೆಂಡೆಲ್, ನಮ್ಮ ಕೌಂಟಿಗೂ ಒಂದು ಹೃದಯವಿದೆ, ಅದು ನಟ್ಟನಡುವೆ ಇದೆ ಎಂದು ಗೀಚಿ ಕೊಟ್ಟ.

ಡೊರೀನಳಿಗೆ ಆ ಸಾಲು ಹಿಡಿಸಿತು. ಅದೇ ತಪ್ಪಾಯಿತು.

"ಎಲ್ಲಿದೆ ಆ ನಡು? ಅಲ್ಲೊಂದು ಕಲ್ಲು ನಿಲ್ಸೋಣ. ಜನ ಬಂದು ಫೋಟೋ ತೆಗೆಸ್ಕೊಳ್ಲಿ," ಎಂದಳು.

ಸರ್ವೆಯವರು ಗಣಕದಲ್ಲಿ ಗಡಿ ಎಳೆದು, ಹತ್ತೇ ನಿಮಿಷದಲ್ಲಿ ವಿಳಾಸ ಹೇಳಿದರು: ಹದಿನಾಲ್ಕು, ಲಾರ್ಕ್‌ಸ್ಪರ್ ಬೀದಿ. ಮನೆಯ ಮುಂದಿನ ಹುಲ್ಲುಹಾಸು.

ಅದು ವೆಂಡೆಲನ ಮನೆ. ಒಂಬತ್ತು ವರ್ಷ ಮಂಡಿಯೂರಿ ಕಳೆ ಕಿತ್ತು ಬೆಳೆಸಿದ ಹುಲ್ಲು ಅದು. ಸ್ವಂತ ಹೆಂಡತಿ ಲೊರೆಟ್ಟಾ ಕೂಡ ಅದನ್ನು ತುಳಿಯದೆ ಅಂಚೆ ಡಬ್ಬಿಗೆ ಸುತ್ತುಬಳಸಿ ಹೋಗಬೇಕು. ಆದರೆ ರಸ್ತೆಯಂಚಿನ ಜಾಗವೆಲ್ಲ ಕಾಗದದ ಮೇಲೆ ಕೌಂಟಿಯದೇ. ಕತ್ತರಿಸಿ ಅಂದವಾಗಿಡುವುದಷ್ಟೇ ಮನೆಯವರ ಪಾಲು. ಬೇಡ ಎನ್ನಲು ಅವನಿಗೆ ಬಾಯಿಲ್ಲ.

ಮಧ್ಯಾಹ್ನ ಕಾರು ಓಡಿಸಿಕೊಂಡು ಮನೆಗೆ ಬಂದರೆ, ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬೀದಿಯವರ ಫೋನುಗಳಲ್ಲೆಲ್ಲ ಅದೇ ಮಾತು. ನಾಲ್ಕು ಮಂದಿ ಮಡಚುವ ಕುರ್ಚಿ ಹಾಕಿ ಹುಲ್ಲಿನ ಮೇಲೆ ಕೂತಿದ್ದರು. ಯಾರೋ ತಂದ ಆಲೂಗಡ್ಡೆ ಸಲಾಡು ಕೈಯಿಂದ ಕೈಗೆ ಹೋಗುತ್ತಿತ್ತು. ಪಕ್ಕದ ಮನೆಯ ಗಸ್ ಪೆಟ್ರಾಕಿಸ್ ಸಾಸಿವೆ ಸಾಸಿನ ಸೀಸೆಯಿಂದ ಹುಲ್ಲಿನ ಮೇಲೆ ದೊಡ್ಡದೊಂದು ಗುಣಾಕಾರದ ಗುರುತು ಬಳಿದಿದ್ದ.

"ಅದೃಷ್ಟ ಮಾರಾಯ ನಿಂದು. ನಮ್ಮನೆ ಮುಂದೆ ಬರ್ಬಾರ್ದಿತ್ತಾ," ಎಂದ ಗಸ್, ನಿಜವಾದ ಹೊಟ್ಟೆಕಿಚ್ಚಿನಿಂದ.

ಬಡಾವಣೆಯ ಸಂಘದ ಅಧ್ಯಕ್ಷೆ ಮಾರ್ಜ್ ನಿಯಮದ ಪುಸ್ತಕ ಹಿಡಿದು ಬಂದಳು. ಈಕೆಯಾದರೂ ತಡೆದಾಳು ಎಂದು ವೆಂಡೆಲ್ ಆಸೆಪಟ್ಟ. ಆದರೆ ಆಕೆ, ಕಲ್ಲಿಗೆ ತನ್ನದೇನೂ ತಕರಾರಿಲ್ಲ, ಬಣ್ಣ ಮಾತ್ರ ತಿಳಿಬೂದು ಇರಬೇಕು ಎಂದು ಹೇಳಿ, ಸಲಾಡು ಬಡಿಸಿಕೊಂಡು ಕೂತಳು.

ವೆಂಡೆಲ್ ಒಳಗೆ ನಿಲ್ಲಲಾರ, ಹೊರಗೆ ಕೂರಲಾರ. ಕಚೇರಿಗೆ ವಾಪಸು ಓಡಿ ನಕ್ಷೆ ಹರಡಿ ಕೂತ. ಮೂರು ಗಂಟೆಯ ಹೊತ್ತಿಗೆ ಪೂರ್ವದ ಮೂಲೆಯ ಜಲಾಶಯ ಕಣ್ಣಿಗೆ ಬಿತ್ತು. ಜೀವ ಬಂದಂತಾಯಿತು. ನಕ್ಷೆ ಎತ್ತಿಕೊಂಡು ಡೊರೀನಳ ಕೋಣೆಗೆ ನುಗ್ಗಿದ.

"ನೀರನ್ನೂ ಲೆಕ್ಕಕ್ಕೆ ತಗೊಂಡಿದಾರೆ ಮೇಡಂ. ನೀರಲ್ಲಿ ಯಾರಿದಾರೆ? ಮೀನುಗಳು ಓಟು ಹಾಕ್ತಾವಾ?"

ಓಟಿನ ಮಾತು ಡೊರೀನಳಿಗೆ ತಟ್ಟಿತು. ಜಲಾಶಯ ಬಿಟ್ಟು ಮತ್ತೆ ಲೆಕ್ಕ ಹಾಕಿಸಿದಳು. ಕೌಂಟಿಯ ನಡು ಎಪ್ಪತ್ತು ಅಡಿ ಪಶ್ಚಿಮಕ್ಕೆ ಸರಿದು, ಸೀದಾ ಗಸ್‌ನ ಮನೆ ಮುಂದೆ ಹೋಗಿ ಕೂತಿತು. ವೆಂಡೆಲನಿಗೆ ಕುಣಿಯಬೇಕೆನಿಸಿತು. ತಾನೇ ಗಸ್‌ಗೆ ಫೋನು ಮಾಡಿ ಸುದ್ದಿ ಹೇಳಿದ. ಆ ಕಡೆ ಗಸ್ ಖುಷಿಗೆ ಕೂಗಿಕೊಂಡ. ನಿನ್ನ ಋಣ ತೀರಿಸಲಾರೆ ಎಂದ.

ಐದಕ್ಕೆ ಹತ್ತು ನಿಮಿಷವಿರುವಾಗ ಡೊರೀನ್ ಮತ್ತೆ ಬಾಗಿಲಲ್ಲಿ ನಿಂತಳು. ಈ ಸಲ ಕೈಯಲ್ಲಿ ಕಟ್ಟಡ ವಿಭಾಗದವರ ಚೀಟಿಯಿತ್ತು.

"ಕಲ್ಲಿಗೆ ಒಪ್ಪಿಗೆ ಸಿಕ್ತು. ಆದ್ರೆ ಜನ ಬರೋ ಜಾಗ ಅಂದ್ಮೇಲೆ ಹನ್ನೆರಡು ಕಾರು ನಿಲ್ಲೋಕೆ ಪಕ್ಕದಲ್ಲೇ ಜಾಗ ಇರ್ಬೇಕಂತೆ, ನಮ್ಮ ಕೌಂಟಿ ಕಾನೂನು ಗೊತ್ತಲ್ಲ. ಗಸ್ ಮನೆಯ ಆ ಕಡೆ ಮೋರಿ ಇದೆ. ಈ ಕಡೆ ನಿಮ್ಮ ಹುಲ್ಲೇ. ಸೋಮವಾರ ಡಾಂಬರು ಹಾಕ್ತಾರೆ."

ವೆಂಡೆಲ್ ಮತ್ತೆ ನಕ್ಷೆಗೆ ಕೈಹಾಕಿದ.

"ಆ ಪರಿಚಯದಲ್ಲಿ ಕೊನೇಗೆ ಒಂದು ಸಾಲು ಸೇರಿಸ್ಬಿಡಿ," ಎಂದಳು ಡೊರೀನ್, "ಪಾರ್ಕಿಂಗ್ ಉಚಿತ ಅಂತ."