ಹಾವುಮೀನಿನ ವಾಸನೆಯೂ ಹಡಗಿನ ಖರ್ಚೂ

ಎಣ್ಣೆ ವ್ಯಾಪಾರಿ ಮೆನಿಪ್ಪನ ಗ್ರಹಚಾರ ಕೆಟ್ಟದ್ದು ಒಂದು ಹಾವುಮೀನಿನಿಂದ. ಅಥೆನ್ಸಿನ ಪೇಟೆಯಲ್ಲಿ ಅಷ್ಟು ದುಬಾರಿಯಾದ ಮೀನು ಇನ್ನೊಂದಿಲ್ಲ. ಬಾಗಿಲು ಹಾಕಿಕೊಂಡೇ ಹುರಿಸಿದ. ಆದರೆ ವಾಸನೆಗೆ ಅಗುಳಿ ಹಾಕುವವರು ಯಾರು? ಅದು ಪಕ್ಕದ ಮನೆಯ ಸ್ತ್ರಾತೋನನ ಮೂಗಿಗೆ ಹೋಯಿತು, ಅವನ ಬಾಯಿಂದ ಕ್ಷೌರದಂಗಡಿಗೆ, ಅಲ್ಲಿಂದ ಸೀದಾ ದಂಡನಾಯಕನ ಕಿವಿಗೆ! ಯುದ್ಧದ ಹಡಗಿನ ವರ್ಷದ ಖರ್ಚನ್ನು ಯಾವನಾದರೂ ಸಾಹುಕಾರನ ತಲೆಗೆ ಕಟ್ಟುವುದು ಅವನ ಕೆಲಸ. ಹಾವುಮೀನು ತಿನ್ನುವವನು ಯುದ್ಧದ ಹಡಗನ್ನೂ ಸಾಕಬಲ್ಲ ಎಂಬುದು ಊರಿನ ನಂಬಿಕೆ.

ದಂಡನಾಯಕ ಬರುತ್ತಿದ್ದಾನೆಂದು ಮೆನಿಪ್ಪನಿಗೆ ಸುದ್ದಿ ಬಂತು. ಹಡಗು ತಲೆಗೆ ಬಿದ್ದರೆ ಇಷ್ಟು ವರ್ಷದ ಗಳಿಕೆಯೆಲ್ಲ ಸಮುದ್ರದ ಪಾಲು. ಬೆಳ್ಳಿ ನಾಣ್ಯದ ಗಡಿಗೆಯನ್ನು ಹಿತ್ತಲ ಅಂಜೂರದ ಬುಡದಲ್ಲಿ ಹೂತ, ಹರಕು ಹೊದಿಕೆ ಹೊದ್ದ, ಕುಂಟುತ್ತ ಬಾಗಿಲಿಗೆ ಬಂದ.

"ಸ್ವಾಮಿ, ನಾನು ಬಡವ! ನಮ್ಮ ಕೈಕೆಳಗಿನ ದ್ವೀಪದೋರು ವರ್ಷಾವರ್ಷಾ ಕಪ್ಪ ಕಳಿಸ್ತಾರಲ್ಲ, ಅದ್ರಲ್ಲೇ ಹಡಗು ನಡೀಲಿ!"

"ಅದು ಹುಟ್ಟು ಹಾಕೋರ ಕೂಲಿಗೇ ಸಾಲ್ದು. ಹಗ್ಗ, ಹಾಯಿ, ರಿಪೇರಿ ನಿಂದು," ಎಂದ ದಂಡನಾಯಕ. "ಮೊದ್ಲು ಗಡ್ಡದಲ್ಲಿರೋ ಮೀನಿನ ಜಿಡ್ಡು ಒರೆಸ್ಕೊಳಯ್ಯಾ!"

ಒಳಗಿನಿಂದ ಹೆಂಡತಿ ಮಿರಿನಿ ಪಿಸುಗುಟ್ಟಿದಳು: "ಅಲ್ಲಾ ರೀ, ಕಾನೂನು ಮರೆತ್ರಾ? ನಿಮಗಿಂತ ಸಾಹುಕಾರನ್ನ ತೋರಿಸಿ. ಅವನು ಹಡಗು ಹೊರಬೇಕು, ಇಲ್ಲಾ ಮನೆ ಆಸ್ತಿ ಎಲ್ಲಾ ನಿಮ್ಮ ಜೊತೆ ಅದಲುಬದಲು ಮಾಡ್ಕೋಬೇಕು. ಅಷ್ಟು ದೊಡ್ಡ ಮನೆ ಬಿಡೋಕೆ ಪಕ್ಕದ ಸ್ತ್ರಾತೋನನಿಗೇನು ಹುಚ್ಚಾ? ಹಡಗನ್ನೇ ಹೊರ್ತಾನೆ."

ಮೆನಿಪ್ಪ ಕುಂಟುವುದನ್ನೂ ಮರೆತು ಬೀದಿಗೆ ಹಾರಿದ.

"ಲೇ ಸ್ತ್ರಾತೋನಾ! ಹಡಗು ತಗೋತೀಯೋ, ಆಸ್ತಿ ಬದಲಾಯಿಸ್ತೀಯೋ?"

ಬೀದಿಗೆ ಬೀದಿಯೇ ಕೂಡಿತು. ಸ್ತ್ರಾತೋನ ತನ್ನ ದೊಡ್ಡ ಮನೆ ನೋಡಿದ, ಬಿಳಿ ಕುದುರೆ ನೋಡಿದ, ದ್ರಾಕ್ಷಿ ತೋಟ ನೋಡಿದ.

"ಬದಲಾಯಿಸೋಣ, ಅದಕ್ಕೇನಂತೆ!" ಎಂದ ನಗುತ್ತಾ.

ಮೆನಿಪ್ಪನಿಗೆ ಸ್ವರ್ಗ ಮೂರೇ ಗೇಣು! ಏನನ್ನೂ ಬಚ್ಚಿಟ್ಟಿಲ್ಲವೆಂದು ಇಬ್ಬರೂ ದೇವರ ಮುಂದೆ ಪ್ರಮಾಣ ಮಾಡಿದರು. ಮೆನಿಪ್ಪನ ದನಿಯೇ ಜೋರು. ಗಡಿಗೆಯನ್ನು ಕತ್ತಲಾದ ಮೇಲೆ ಗೋಡೆ ಹಾರಿ ತಂದರಾಯಿತು ಎಂದುಕೊಂಡಿದ್ದ.

ಹೊಸ ಮನೆಗೆ ಕಾಲಿಟ್ಟಿದ್ದೇ ತಡ, ಯಾವನೋ ಬಂದು ಬಿಳಿ ಕುದುರೆಯನ್ನು ಬಿಚ್ಚಿಕೊಂಡು ಹೊರಟ. ಅದು ಬಾಡಿಗೆಯದಂತೆ. ತೋಟಕ್ಕೆ ಓಡಿ ಬಳ್ಳಿ ಸರಿಸಿದರೆ ಬುಡಬುಡಕ್ಕೂ ಸಾಲ ಕೊಟ್ಟವರು ನೆಟ್ಟ ಅಡವಿನ ಕಲ್ಲು! ತೋಟ, ಮನೆ ಎಲ್ಲವೂ ಸಾಲದವರ ಕೈಯಲ್ಲಿ.

"ಹೋಗ್ಲಿ ಸ್ವಾಮಿ, ಹಡಗಾದರೂ ತಪ್ಪಿತಲ್ಲ!" ಎಂದ, ಬೀದಿಗೆ ಮರಳಿ ದಂಡನಾಯಕನಿಗೆ.

"ಯಾರಪ್ಪಾ ಹೇಳಿದ್ದು? ಆಸ್ತಿ ಬದಲಾದರೆ, ಬದಲಾಯಿಸು ಅಂತ ಕೇಳಿದವನ ತಲೆಗೇ ಹಡಗು ಉಳಿಯುತ್ತೆ. ಅವನ ದೊಡ್ಡ ಆಸ್ತಿ ಈಗ ನಿಂದಲ್ವಾ!"

ಅಷ್ಟರಲ್ಲಿ ಪಕ್ಕದ ಹಿತ್ತಲಿಂದ ಕೂಗು. ಉಳಿದಿದ್ದ ಹಾವುಮೀನನ್ನು ತಿಂದು ಮುಗಿಸಿದ ಸ್ತ್ರಾತೋನ, ಮೀನಿನ ಮುಳ್ಳು ಹೂಳಲು ಅಂಜೂರದ ಬುಡ ಅಗೆದಿದ್ದ. ಗಡಿಗೆಯನ್ನು ತಲೆಯ ಮೇಲೆ ಹೊತ್ತು ಬೀದಿಗೆ ಓಡಿಬಂದ.

"ಮೆನಿಪ್ಪಾ, ಇದು ನಿಂದಲ್ಲ ತಾನೇ? ಪ್ರಮಾಣ ಮಾಡಿದೀಯಪ್ಪಾ!"

ದಂಡನಾಯಕ ಮೆನಿಪ್ಪನ ಮುಖವನ್ನೇ ನೋಡುತ್ತಿದ್ದ. ನನ್ನದೆಂದರೆ ಸುಳ್ಳು ಪ್ರಮಾಣದ ಶಿಕ್ಷೆ. ಮೆನಿಪ್ಪ ಗಡಿಗೆಯನ್ನೇ ನೋಡುತ್ತ ಹೇಳಿದ:

"ನಂದಲ್ಲ."

"ಹಾಗಾದ್ರೆ ದೇವರೇ ಕೊಟ್ಟಿದ್ದು! ಈ ದುಡ್ಡಲ್ಲಿ ನನ್ನ ಹೆಸರಲ್ಲೂ ಒಂದು ಹಡಗು ಇರ್ಲಿ ಸ್ವಾಮೀ!"

ಜನ ಕೇಕೆ ಹಾಕಿದರು. ದಂಡನಾಯಕ ತನ್ನ ತಲೆಯ ಎಲೆಕಿರೀಟ ತೆಗೆದು ಸ್ತ್ರಾತೋನನಿಗೆ ತೊಡಿಸಿದ. ಆಮೇಲೆ ಮೆನಿಪ್ಪನ ಕಡೆ ತಿರುಗಿ ಗದರಿದ:

"ಸುಮ್ನೆ ನಿಂತಿದೀಯಲ್ಲ, ಚಪ್ಪಾಳೆ ಹೊಡಿಯಯ್ಯಾ! ಸಾಮ್ರಾಜ್ಯಕ್ಕೆ ಕೊಡೋದು ಹೇಗೆ ಅಂತ ಅವನ್ನ ನೋಡಿ ಕಲಿ."

ಮೆನಿಪ್ಪ ಚಪ್ಪಾಳೆ ಹೊಡೆದ.