ಸ್ನಾಯುವಿನ ಸ್ವಿಚ್ಚು ಮಯೋಡಿ ಅವರ ಸನ್ನಿಧಿಗೆ, ಏಳು ವಾರಗಳ ಅಹವಾಲು

ಮಾನ್ಯರೇ,

ತಮ್ಮ ಕುಶಲ ವಿಚಾರಿಸುವುದು ನನ್ನ ಕರ್ತವ್ಯ. ಆದರೆ ಏಳು ವಾರಗಳಿಂದ ದಿನಕ್ಕೆರಡು ಬಾರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ವಿಚಾರಿಸಿದರೂ ತಮ್ಮಿಂದ ಹೂಂ ಇಲ್ಲ, ಉಹೂಂ ಇಲ್ಲ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆದು, ನಮ್ಮ ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕೆಂದಿದ್ದೇನೆ.

ತಾವು ಯಾರೆಂದು ತಿಳಿಯದೆ ಫ್ರಿಜ್ಜಿನ ಮುಂದೆ ಹಾದುಹೋಗುವವರಿಗಾಗಿ ಎರಡು ಮಾತು. ದೇಹದ ಪ್ರತಿಯೊಂದು ಕೋಶದಲ್ಲೂ ಜೀನುಗಳ ಪುಸ್ತಕ ಒಂದೇ. ಲಿವರಿನ ಕೋಶದಲ್ಲಿರುವುದೂ ಅದೇ, ಕಿವಿಯ ತುದಿಯಲ್ಲಿರುವುದೂ ಅದೇ. ಆದರೆ ಎಳೆಯುವ, ಎತ್ತುವ, ಒದೆಯುವ ಪುಟಗಳು ಸ್ನಾಯುಕೋಶದಲ್ಲಿ ಮಾತ್ರ ತೆರೆಯುತ್ತವೆ, ಏಕೆಂದರೆ ಮಯೋಡಿ ಎಂಬ ಪ್ರೋಟೀನಾದ ತಾವು ಅಲ್ಲಿ ಒಬ್ಬ ಜೊತೆಗಾರನೊಡನೆ ಹೋಗಿ, ಆ ಜೀನುಗಳ ಬಳಿಯ ಆರಕ್ಷರದ ವಿಳಾಸದಲ್ಲಿ ಕುಳಿತು ಸ್ವಿಚ್ಚು ಒತ್ತುತ್ತೀರಿ. ಆ ಆರರಲ್ಲಿ ಮೊದಲೆರಡು, ಕೊನೆಯೆರಡು ಸರಿಯಿದ್ದರೆ ಸಾಕು, ನಡುವಿನವು ಏನಾದರೂ ಇರಲಿ ಎನ್ನುವ ತಮ್ಮ ದೊಡ್ಡ ಮನಸ್ಸನ್ನು, ರಜೆಚೀಟಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಹಿಂತಿರುಗಿಸುವ ನಮ್ಮ ಕಚೇರಿ ಎಂದಾದರೂ ಕಲಿತೀತೇ? ತಮ್ಮನ್ನು ಚರ್ಮದ ಕೋಶದೊಳಗೆ ಹೊಗಿಸಿದರೂ ಅದು ತನ್ನ ಕಸುಬು ಬಿಟ್ಟು ಸ್ನಾಯುವಾಗುತ್ತದಂತೆ. ಅಷ್ಟು ಪ್ರತಾಪವುಳ್ಳ ತಾವು ನನ್ನ ತಟ್ಟೆಯಲ್ಲಿ ಮಾತ್ರ ಮುಸುಕೆಳೆದು ಮಲಗಿದ್ದೀರಿ.

ನಾನು ಮಾಡಬೇಕಾದ್ದರಲ್ಲಿ ಏನು ಕಡಿಮೆ ಮಾಡಿದೆ, ತಾವೇ ಹೇಳಬೇಕು. ಸ್ನಾಯುವಾಗಬೇಕಾದ ಮರಿಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದೆ. ತಾವು ಸ್ವಿಚ್ಚು ಒತ್ತಿದರೆ ನಮಗೆ ಕಾಣಲೆಂದು, ಜೆಲ್ಲಿಮೀನಿನ ಹಸಿರು ಹೊಳಪಿನ ಜೀನನ್ನು ತಮ್ಮ ವಿಳಾಸದ ಪಕ್ಕದಲ್ಲೇ ಕೂರಿಸಿದೆ. ತಟ್ಟೆ ತುಂಬಿದ ಮೇಲೆ ನಿಯಮದಂತೆ ಪುಷ್ಟಿಯ ಊಟ ತೆಗೆದು ತೆಳು ಊಟ ಹಾಕಿದೆ. ಹೊಟ್ಟೆ ತುಂಬಿರುವವರೆಗೆ ಈ ಮರಿಗಳಿಗೆ ಒಂದೇ ಗೀಳು, ಒಂದು ಎರಡಾಗುವುದು, ಎರಡು ನಾಲ್ಕಾಗುವುದು. ಆ ಗಲಾಟೆಯಲ್ಲಿ ತಮ್ಮ ಜೊತೆಗಾರನನ್ನು ಇನ್ನೊಂದು ಪ್ರೋಟೀನು ರಟ್ಟೆ ಹಿಡಿದು ಕೂರಿಸಿಕೊಂಡಿರುತ್ತದೆ, ತಾವು ಒಂಟಿಯಾಗಿ ಏನೂ ಮಾಡಲಾರಿರಿ ಎಂಬುದು ನನಗೆ ಗೊತ್ತು. ಅದಕ್ಕೇ ತೆಳು ಊಟ. ಆದರೂ ಏಳು ವಾರ, ಹನ್ನೊಂದು ತಟ್ಟೆ, ಒಂದರಲ್ಲೂ ಹಸಿರಿಲ್ಲ. ಮರಿಗಳು ಮಾತ್ರ ದುಂಡಗೆ, ಸುಖವಾಗಿ ಹೆಚ್ಚುತ್ತಲೇ ಇವೆ.

ಇನ್ನು ತಮ್ಮ ಗಮನಕ್ಕೆ ತರಬೇಕಾದ ಸಣ್ಣ ಸಂಗತಿ. ನಾಳೆ ಹನ್ನೊಂದು ಗಂಟೆಗೆ ನಮ್ಮ ಕೆಲಸ ಪರಿಶೀಲಿಸುವ ಸಮಿತಿಯವರು ಬರುತ್ತಾರೆ. ಹಸಿರು ಕಾಣದಿದ್ದರೆ ಈ ಕೋಣೆ ಎದುರಿನ ಲಿವರ್ ತಂಡಕ್ಕೆ ಹೋಗುತ್ತದೆ, ಎರಡು ವರ್ಷದ ನನ್ನ ಕೆಲಸ ಅಟ್ಟ ಸೇರುತ್ತದೆ, ನಾನು ಬಾಟಲಿ ತೊಳೆಯುವ ಕೋಣೆ ಸೇರುತ್ತೇನೆ. ಲಿವರಿನವರು ಆಗಲೇ ಅಳತೆ ಟೇಪು ಹಿಡಿದು ಬಂದು, ಅವರ ಬೀರು ಎಲ್ಲಿ ಹಿಡಿಸುತ್ತದೆಂದು ನನ್ನ ಕುರ್ಚಿಯನ್ನು ಸರಿಸಿ ನೋಡಿದ್ದಾರೆ. ನನಗೆ ಭಯವಾಗಿದೆ, ಅದನ್ನು ತಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ತಮಗೆ ನನ್ನ ತಟ್ಟೆ ಹಿಡಿಸದಿದ್ದರೆ ಬೇರೆ ಸೇವೆಗೂ ಅವಕಾಶವಿದೆ. ಭಾನುವಾರ ಸೋಫಾದಲ್ಲಿ ಬಿದ್ದುಕೊಂಡಿರುವ ನನ್ನ ತಮ್ಮನ ಕಾಲುಗಳಲ್ಲಿ ತಾವು ಎಂದಾದರೂ ಕೆಲಸ ಮಾಡಿದ್ದಕ್ಕೆ ಮನೆಯವರಾರಿಗೂ ಪುರಾವೆ ಸಿಕ್ಕಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ ಅವರ ನಗುವ ಸ್ನಾಯುಗಳೂ ತಮ್ಮ ಭೇಟಿಗಾಗಿ ಬಹಳ ದಿನದಿಂದ ಕಾದಿವೆ. ಸಾಧ್ಯವಾದರೆ ಈ ಎರಡನ್ನೂ ನಾಳೆ ಹನ್ನೊಂದರೊಳಗೆ

ಮಾನ್ಯರೇ, ಕ್ಷಮಿಸಿ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದೆ. ಮಧ್ಯಾಹ್ನದ ಸರದಿ ನೋಡಬೇಕಿತ್ತಲ್ಲ, ನೋಡಿದೆ. ಹಸಿರು. ಐದು ದಿನದ ಹಿಂದೆ ತೆಳು ಊಟಕ್ಕಿಳಿಸಿದ ಹನ್ನೆರಡನೇ ತಟ್ಟೆಯ ತುಂಬ ಹಸಿರು. ದುಂಡು ಮರಿಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಉದ್ದುದ್ದ ಎಳೆಗಳಾಗಿವೆ, ಅದರಲ್ಲೊಂದು ಎಳೆ ತಾನಾಗಿಯೇ ಚಕ್ಕೆಂದು ಮಿಡಿಯಿತು. ನಾನು ಸ್ಟೂಲಿನಿಂದ ಬಿದ್ದೆ. ಬಿದ್ದಲ್ಲೇ ನಕ್ಕೆ, ಲಿವರಿನವರು ಓಡಿ ಬಂದರು, ಅವರ ಟೇಪನ್ನು ಕಿತ್ತುಕೊಂಡು ನಾನು ಮಿಡಿಯುವ ಎಳೆಯನ್ನೇ ಅಳೆಯಲು ಹೊರಟೆನಂತೆ, ನನಗೆ ನೆನಪಿಲ್ಲ.

ಹನ್ನೊಂದು ತಟ್ಟೆಯಲ್ಲಿ ಇಲ್ಲದ್ದು ಹನ್ನೆರಡರಲ್ಲಿ ಹೇಗೆ ಬಂತು? ಸಂತೋಷದ ಸುದ್ದಿ ಹೇಳಲೆಂದು ದೊಡ್ಡಕ್ಕನಿಗೆ ಫೋನ್ ಮಾಡಿದಾಗ ತಿಳಿಯಿತು. ದೊಡ್ಡಕ್ಕ ಎಂದರೆ ಇಪ್ಪತ್ತೆರಡು ವರ್ಷದಿಂದ ಇಡೀ ಕಟ್ಟಡದ ಕೋಶಗಳನ್ನು ಸಾಕಿದ ನಮ್ಮ ಹಿರಿಯ ಸಹಾಯಕಿ. ಸಂಜೆ ನಾವೆಲ್ಲ ಹೋದ ಮೇಲೆ ಕೊನೆಗೆ ಬಾಗಿಲು ಹಾಕುವವರು ಅವರೇ. ದವಡೆ ಹಲ್ಲು ಕೀಳಿಸಿಕೊಂಡು ಆರು ದಿನದಿಂದ ರಜೆಯಲ್ಲಿದ್ದಾರೆ. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅವರು ಕೇಳಿದ ಮೊದಲ ಮಾತು, ಮಕ್ಕಳಿಗೆ ಊಟ ಯಾರು ಹಾಕ್ತಿದ್ದಾರೆ ಎಂದು. ಎರಡನೆಯದು, ನೀನು ಹಾಕೋ ಆ ನೀರಲ್ಲಿ ಅವು ಬದುಕ್ತಾವೇನೇ, ಅದಕ್ಕೇ ದಿನಾ ಸಂಜೆ ನಾನೇ ಅದನ್ನ ಚೆಲ್ಲಿ ಗಟ್ಟಿ ಊಟ ಹಾಕಿ ಹೋಗ್ತಿದ್ದೆ ಎಂದು. ಏಳು ವಾರ ನಾನು ಹಗಲೆಲ್ಲ ಉಪವಾಸ ಕೆಡವಿದ್ದೇನೆ, ಅವರು ಸಂಜೆ ಸಂಜೆ ಔತಣ ಬಡಿಸಿದ್ದಾರೆ, ನಡುವೆ ತಾವು ಬೈಸಿಕೊಂಡಿದ್ದೀರಿ.

ಹೀಗಾಗಿ ಮೇಲಿನ ದೂರನ್ನು ಹಿಂಪಡೆಯುತ್ತಿದ್ದೇನೆ, ತಮ್ಮನ ಕಾಲಿನ ವಿಷಯವೊಂದನ್ನು ಬಿಟ್ಟು.

ಇಂದು ಮಧ್ಯಾಹ್ನ ಮೂರು ಗಂಟೆಯಿಂದೀಚೆಗೆ ತಮ್ಮ ವಿಶ್ವಾಸಿ,
ಕೋಶ ಸಾಕುವ ಕೋಣೆಯ ಹುಡುಗಿ

ಮತ್ತೊಂದು ಮಾತು: ಶುಕ್ರವಾರ, ಹನ್ನೆರಡೂವರೆ. ಸಮಿತಿಯವರು ನೋಡಿದರು, ಕೋಣೆ ನಮಗೇ ಉಳಿಯಿತು, ಮೇಡಂ ನಕ್ಕರು, ಅದಕ್ಕೆ ಪ್ರತ್ಯೇಕ ವಂದನೆಗಳು. ಊದಿದ ಕೆನ್ನೆ ಹಿಡಿದುಕೊಂಡು ದೊಡ್ಡಕ್ಕನೂ ಬಂದರು. ಈ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ, ತಪ್ಪಾಯ್ತು ಕಣೆ ಎಂದು ಕಣ್ಣೊರೆಸಿಕೊಂಡು, ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಎಳೆಗಳು ಮಿಡಿಯುವುದನ್ನು ಬಹಳ ಹೊತ್ತು ನೋಡಿ, ಅಯ್ಯೋ ಪಾಪ, ಹಸಿವಿಗೆ ಹೇಗೆ ಒದ್ದಾಡ್ತಿವೆ ನೋಡು ಎಂದು ಫ್ರಿಜ್ಜಿನಲ್ಲಿದ್ದ ಗಟ್ಟಿ ಊಟದ ಬಾಟಲಿಗೆ ಕೈ ಹಾಕಿದರು. ಫ್ರಿಜ್ಜಿಗೆ ಈಗ ಬೀಗ ಹಾಕಿದ್ದೇನೆ. ತಾವು ನಿಶ್ಚಿಂತೆಯಿಂದ ಕೆಲಸ ಮುಂದುವರಿಸುವುದು.